ಕೃತಕ ಪ್ರಾಚೀನತೆ: ಛಾಯಾಚಿತ್ರದ ಸಾಕ್ಷ್ಯವನ್ನು ಕುರಿತು

ಪ್ರಾಚೀನವೆಂದು ತೋರುವುದೆಲ್ಲವೂ ಪ್ರಾಚೀನವಲ್ಲವೆಂಬುದು ತಾಮ್ರಶಾಸನಗಳನ್ನು ಅಭ್ಯಾಸ ಮಾಡಿದವರಿಗೆ ಹೊಸ ಮಾತೇನೂ ಅಲ್ಲ. ಕೂಟಶಾಸನಗಳನ್ನು ಗುರುತಿಸಲು ಲಿಪಿ, ಭಾಷೆ, ತಿಥಿಗಳನ್ನು ಒರೆಗೆ ಹಚ್ಚುವ ನಾವು ಛಾಯಾಚಿತ್ರದ ವಿಷಯದಲ್ಲಿ ಮಾತ್ರ ಬಣ್ಣವನ್ನು ಕಂಡೇ ಮೋಸಹೋಗುತ್ತೇವೆ.

ಕೆಲವು ಕಾಲದ ಹಿಂದೆ ವಿದ್ಯಾರ್ಥಿಯೊಬ್ಬರು ತಮ್ಮ ಪ್ರಬಂಧದೊಡನೆ ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರವೊಂದನ್ನು ಒಪ್ಪಿಸಿ, ಅದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ್ದೆಂದು ಬರೆದಿದ್ದರು. ಕಂದುಬಣ್ಣ, ಮಸುಕಾದ ಅಂಚು, ಅಲ್ಲಲ್ಲಿ ಗೀರುಗಳು. ಇವನ್ನು ಕಂಡು ಪ್ರಕೃತ ಲೇಖಕನೂ ಆ ಮಾತನ್ನು ಒಪ್ಪಿಬಿಟ್ಟನು. ಅನಂತರ, ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ ಹಂಪೆಯ ಚಿತ್ರಗಳನ್ನು ನೋಡುವಾಗ ತಪ್ಪು ಹೊಳೆಯಿತು. ಅವುಗಳಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ, ಇಂದು ಅದಿಲ್ಲ, ವಿದ್ಯಾರ್ಥಿಯ ಚಿತ್ರದಲ್ಲಿಯೂ ಇರಲಿಲ್ಲ. ವಿಚಾರಿಸಲಾಗಿ, ಅದು ಈಚೆಗೆ ತೆಗೆದ ಡಿಜಿಟಲ್ ಚಿತ್ರವೆಂದೂ ತಂತ್ರಾಂಶದಿಂದ ಅದಕ್ಕೆ ಮುಪ್ಪು ಬರಿಸಿದ್ದರೆಂದೂ ತಿಳಿಯಿತು.

ಈ ಕಾರ್ಯದ ವಿಧಾನ ಸುಲಭವಾದುದು. ಫೋಟೋಶಾಪ್‌ನಂತಹ ತಂತ್ರಾಂಶದಲ್ಲಿ ವರ್ಣಗಳ ತೀವ್ರತೆಯನ್ನು ತಗ್ಗಿಸಿ, ಕಂದು ಛಾಯೆಯನ್ನು ಹೊದಿಸಿ, ಮೂಲೆಗಳನ್ನು ಕಪ್ಪಾಗಿಸಿ, ಗೀರುಬಿದ್ದ ಹಳೆಯ ಕಾಗದದ ಚಿತ್ರವೊಂದನ್ನು ಪದರವಾಗಿ ಮೇಲಿಟ್ಟರೆ ಮುಗಿಯಿತು. 2010ರಲ್ಲಿ ಬಂದ ಇನ್‌ಸ್ಟಾಗ್ರಾಮ್ ಇಂತಹ ಸಿದ್ಧ ಫಿಲ್ಟರ್‌ಗಳನ್ನು ಎಲ್ಲರ ಕೈಗೂ ಒದಗಿಸಿತು.

ಆದರೆ ನಿಜವಾದ ಮುಪ್ಪಿಗೆ ಕಾರಣಗಳಿವೆ. ಹೈಪೋ ದ್ರಾವಣವನ್ನು ಸರಿಯಾಗಿ ತೊಳೆಯದಿದ್ದರೆ ಚಿತ್ರ ಹಳದಿಯಾಗಿ ಮಾಸುತ್ತದೆ. ಮೊಟ್ಟೆಯ ಬಿಳಿಯ ಲೋಳೆ ಹಚ್ಚಿದ ಆಲ್ಬ್ಯುಮೆನ್ ಕಾಗದ ತನ್ನಷ್ಟಕ್ಕೇ ಹಳದಿಗೆ ತಿರುಗುತ್ತದೆ. ಸೆಪಿಯಾ ಬಣ್ಣವಂತೂ ಎಲ್ಲೆಡೆಯೂ ಜೀರ್ಣತೆಯ ಗುರುತಲ್ಲ. ಬೆಳ್ಳಿಯನ್ನು ಹೆಚ್ಚು ಸ್ಥಿರವಾದ ಬೆಳ್ಳಿಯ ಸಲ್ಫೈಡ್ ಆಗಿ ಮಾರ್ಪಡಿಸಿ ಚಿತ್ರವನ್ನು ಬಾಳಿಸುವ ಉದ್ದೇಶದಿಂದಲೂ ಆ ಬಣ್ಣವನ್ನು ಬರಿಸುತ್ತಿದ್ದರು. ರಕ್ಷಣೆಯ ಚಿಹ್ನೆಯನ್ನೇ ನಾವು ಶೈಥಿಲ್ಯದ ಚಿಹ್ನೆಯೆಂದು ಬಗೆದದ್ದು ವಿಚಿತ್ರವೇ ಸರಿ. ಅಲ್ಲದೆ, ಆ ಕಾಲದ ರಾಸಾಯನಿಕ ಲೇಪಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವು ಸಾಮಾನ್ಯವಾಗಿ ಬರಿಯ ಬಿಳುಪಾಗಿ ಮೂಡುತ್ತಿತ್ತು. ಬಹಳ ಹೊತ್ತು ಬೆಳಕಿಗೆ ಒಡ್ಡಬೇಕಾಗಿದ್ದುದರಿಂದ ಚಲಿಸಿದ ಮನುಷ್ಯರು ಮಸುಕಾಗುತ್ತಿದ್ದರು. ವಿದ್ಯಾರ್ಥಿಯ ಚಿತ್ರದಲ್ಲಿಯೋ ಮೋಡಗಳ ಅಂಚು ಸ್ಪಷ್ಟವಾಗಿದ್ದಿತು. ನಡೆಯುತ್ತಿದ್ದವರ ಕಾಲುಗಳೂ ಸ್ಪಷ್ಟವಾಗಿದ್ದವು. ಮೇಲಿನ ಪದರ ಹಳೆಯದು, ಒಳಗಿನ ನೋಟ ಹೊಸದು.

ಕಲಾವಿದನಿಗೆ ಈ ಸ್ವಾತಂತ್ರ್ಯ ಬೇಡವೆ ಎಂಬ ಆಕ್ಷೇಪಣೆ ಬರಬಹುದು. ಧಾರಾಳವಾಗಿ ಇರಲಿ. ಮದುವೆಯ ಚಿತ್ರಕ್ಕೋ ನಾಟಕದ ಭಿತ್ತಿಪತ್ರಕ್ಕೋ ಕಂದುಬಣ್ಣ ಕೊಟ್ಟರೆ ಯಾರಿಗೂ ವಂಚನೆಯಾಗದು. ಸಾಕ್ಷ್ಯದ ಸ್ಥಾನದಲ್ಲಿ ಅದನ್ನು ನಿಲ್ಲಿಸಿದಾಗಲೇ ದೋಷ. ಗ್ರೀನ್‌ಲಾ ತೆಗೆದ ಚಿತ್ರಗಳು ಅಂದು ಹೊಸವೇ ಆಗಿದ್ದುವು. ಆದುದರಿಂದ ಇಂತಹ ಫಿಲ್ಟರ್ ಅನುಕರಿಸುವುದು ಗತಕಾಲವನ್ನಲ್ಲ. ಗತಕಾಲದ ವಸ್ತುವಿಗೆ ಅನಂತರ ಒದಗಿದ ಹಾನಿಯನ್ನು.

ಇತಿಹಾಸದ ಅಧ್ಯಾಪಕರು ಎರಡು ನಿಯಮಗಳನ್ನು ಪಾಲಿಸುವುದು ಉಚಿತ. ಚಿತ್ರವನ್ನು ತೆಗೆದ ವರ್ಷ, ದೊರೆತ ಸ್ಥಳ, ಮಾಡಿದ ಮಾರ್ಪಾಟುಗಳನ್ನು ಅದರ ಕೆಳಗೆ ನಮೂದಿಸಬೇಕು. ಮಾರ್ಪಡಿಸದ ಮೂಲ ಕಡತವನ್ನು ಕಾದಿರಿಸಬೇಕು. ಬಣ್ಣಕ್ಕೆ ಮುಂಚೆ ಶಿಖರವನ್ನು ನೋಡುವ ಅಭ್ಯಾಸ ವಿದ್ಯಾರ್ಥಿಗಳಿಗೆ ಬರಬೇಕಾದರೆ ಅದು ಮೊದಲು ನಮಗೆ ಬರಬೇಕು.