ಹಿಮ ಬಿದ್ದ ದಿನ ಬಣ್ಣ ನೋಡಲು ಹೋಗಿ

ಭಾರಿ ಹಿಮ ಬೀಳಲಿದೆ ಎಂದು ಹವಾಮಾನದವರು ಹೇಳಿದರೆ ಸಾಕು, ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಸಂಜೆಯೊಳಗೆ ಹಾಲು, ಬ್ರೆಡ್ಡು, ಮೊಟ್ಟೆ ಖಾಲಿ. ನಾನು ಅಂಗಡಿಗೆ ಹೋಗುವುದು ಸೂರ್ಯಕಾಂತಿ ಬೀಜಕ್ಕೆ. ಹಕ್ಕಿಗಳ ಕಾಳಿನ ಡಬ್ಬವನ್ನು ಹಿಮ ಶುರುವಾಗುವ ಮುಂಚೆಯೇ ತುಂಬಿಸಿಡಬೇಕು. ಹಿಮ ಬೀಳುವ ದಿನ ಕಾಣುವ ಬಣ್ಣ ವರ್ಷದ ಬೇರೆ ಯಾವ ದಿನವೂ ಕಾಣುವುದಿಲ್ಲ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಹಿಮ ಬಿದ್ದ ಮೇಲೆ ನೋಡಲು ಏನಿದೆ, ಎಲ್ಲವೂ ಬಿಳಿ ಎನ್ನುವವರೇ ಹೆಚ್ಚು. ಅಕ್ಟೋಬರ್‌ನಲ್ಲಿ ಮೇಪಲ್ ಎಲೆಗಳ ಕೆಂಪು ನೋಡಲು ವರ್ಮಾಂಟ್‌ವರೆಗೆ ಕಾರು ಓಡಿಸುವ ನಮ್ಮ ಕನ್ನಡದ ಮನೆಗಳೂ ಡಿಸೆಂಬರ್‌ ಬಂದರೆ ಬಾಗಿಲು ಹಾಕಿಕೊಳ್ಳುತ್ತವೆ. ಅಕ್ಟೋಬರ್‌ನ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಟ್ಟಕ್ಕೆ ಬೆಟ್ಟವೇ ಕೆಂಪಾದಾಗ ಕಣ್ಣು ಒಂದು ಎಲೆಯ ಮೇಲೂ ನಿಲ್ಲುವುದಿಲ್ಲ. ಹಿಮ ಬಂದು ಉಳಿದದ್ದನ್ನೆಲ್ಲ ಮುಚ್ಚಿದಾಗ ಒಂದೇ ಒಂದು ಕೊಂಬೆಯ ಬಣ್ಣವೂ ತಡೆದು ನಿಲ್ಲಿಸುತ್ತದೆ.

ಕಾರ್ಡಿನಲ್ ಹಕ್ಕಿಯನ್ನೇ ನೋಡಿ. ಗಂಡು ಪೂರ್ತಿ ಕೆಂಪು. ಕೊಕ್ಕಿನ ಸುತ್ತ ಕಪ್ಪು, ತಲೆಯ ಮೇಲೆ ಜುಟ್ಟು. ಬೇಸಿಗೆಯಲ್ಲಿ ಹಸಿರಿನೊಳಗೆ ಕೂತು ಹಾಡುತ್ತಿದ್ದರೂ ಎಷ್ಟೋ ಸಲ ಸದ್ದು ಮಾತ್ರ ಸಿಗುತ್ತದೆ, ಹಕ್ಕಿ ಸಿಗುವುದಿಲ್ಲ. ಅದು ಚಳಿಗೆ ದಕ್ಷಿಣಕ್ಕೆ ಹಾರಿಹೋಗುವ ಜಾತಿಯಲ್ಲ. ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಮ್ಯಾಸಚೂಸೆಟ್ಸ್‌ನಲ್ಲಿ ಅಪರೂಪವಾಗಿದ್ದ ಈ ದಕ್ಷಿಣದ ಹಕ್ಕಿ, ಮನೆಗಳ ಹಿತ್ತಲಲ್ಲಿ ಪೊದೆಯೂ ಕಾಳೂ ಸಿಗುತ್ತಾ ಬಂದಂತೆ ಉತ್ತರಕ್ಕೆ ಹಬ್ಬಿ ಇಲ್ಲೇ ನೆಲೆಯೂರಿತು. ತಿಂದ ಹಣ್ಣು, ಬೀಜಗಳಲ್ಲಿರುವ ಹಳದಿ ಬಣ್ಣದ ಅಂಶವನ್ನು ಅದರ ದೇಹ ಕೆಂಪಾಗಿ ಮಾರ್ಪಡಿಸಿ ಗರಿಗೆ ತುಂಬುತ್ತದೆ. ಬೇಸಿಗೆಯ ಕೊನೆಗೆ ಮೂಡುವ ಹೊಸ ಗರಿಗಳಿಗೆ ಬೂದು ಅಂಚಿರುತ್ತದೆ. ಚಳಿಗಾಲ ಸಾಗಿದಂತೆ ಆ ಅಂಚು ಸವೆಯುತ್ತದೆ. ಹಾಗಾಗಿ ಹಿಮ ದಟ್ಟವಾಗಿರುವ ಫೆಬ್ರವರಿಯಲ್ಲಿ ಹಕ್ಕಿ ನವೆಂಬರ್‌ಗಿಂತ ಹೆಚ್ಚು ಕೆಂಪು.

ಎಲ್ಲರೂ ಗಂಡನ್ನೇ ಹೊಗಳುತ್ತಾರೆ. ನನ್ನ ಮಟ್ಟಿಗೆ ಹೆಣ್ಣೇ ಹೆಚ್ಚು ಚೆಲುವೆ. ಮೈಯೆಲ್ಲ ಬಿಸಿಲಿಗೆ ಒಣಗಿದ ಹುಲ್ಲಿನ ಬಣ್ಣ, ಜುಟ್ಟಿನ ತುದಿಯಲ್ಲಿ, ರೆಕ್ಕೆಯ ಅಂಚಿನಲ್ಲಿ, ಬಾಲದಲ್ಲಿ ಮಾತ್ರ ಸವರಿದಷ್ಟು ಕೆಂಪು, ಹವಳದ ಬಣ್ಣದ ಕೊಕ್ಕು. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತು ಪಾಲನ್ನು ವಾಪಸು ಕಳಿಸುತ್ತದೆ. ಅಂದರೆ ಹಕ್ಕಿಗೆ ಆ ದಿನ ಬೆಳಕು ಕೆಳಗಿನಿಂದಲೂ ಬೀಳುತ್ತದೆ. ಸದಾ ನೆರಳಲ್ಲಿರುವ ಎದೆ, ಹೊಟ್ಟೆ, ಬಾಲದ ಅಡಿ ಎಲ್ಲ ತೆರೆದುಕೊಳ್ಳುತ್ತವೆ. ಆ ಕಂದು ಎದೆಯೊಳಗಿನ ಹೊನ್ನು ನನಗೆ ಕಂಡದ್ದು ಹಿಮದ ದಿನಗಳಲ್ಲೇ. ಈ ರಾಜ್ಯದ ಹಕ್ಕಿಯಾದ ಪುಟ್ಟ ಚಿಕಡೀಯ ಪಕ್ಕೆಯಲ್ಲಿರುವ ತೆಳು ಕಾವಿಯೂ ಹಾಗೇ.

ಹೊರಗೆ ಹೊರಡುವವರಿಗೆ ಬೆಳಕಿನ ಬಗ್ಗೆ ಒಂದು ಮಾತು. ನೀಲಿ ಆಕಾಶ, ಝಗಝಗ ಬಿಸಿಲು, ಬಿಳಿ ಗುಡ್ಡ. ಕ್ಯಾಲೆಂಡರಿನ ಆ ಚಿತ್ರವನ್ನು ನಂಬಬೇಡಿ. ಆ ಬಿಸಿಲಲ್ಲಿ ಕಣ್ಣು ಕುಕ್ಕುತ್ತದೆ, ಸಣ್ಣ ಬಣ್ಣಗಳೆಲ್ಲ ಕರಗಿಹೋಗುತ್ತವೆ. ಹಿಮ ಇನ್ನೂ ಉದುರುತ್ತಿರುವಾಗ, ಮೋಡ ಕವಿದಿರುವಾಗ ಹೋಗಿ. ಬೀಚ್ ಮರದ ಎಳೆ ಕೊಂಬೆಗಳು ಒಣಗಿದ ಎಲೆಗಳನ್ನು ವಸಂತದವರೆಗೂ ಬಿಡುವುದಿಲ್ಲ. ಆ ಎಲೆಗಳ ಮಾಸಿದ ತಾಮ್ರದ ಬಣ್ಣ ಬಿಸಿಲಲ್ಲಿ ಸಪ್ಪೆ, ಮೋಡದ ಬೆಳಕಲ್ಲಿ ಕಾಡಿನೊಳಗೆಲ್ಲ ದೀಪ ಹಚ್ಚಿದಷ್ಟು ಬೆಚ್ಚಗೆ. ತೇವವಾದ ತೊಗಟೆಯ ಮೇಲಿನ ಕಲ್ಲುಹೂವು ಹಸಿರಾಗುವುದೂ ಇಂಥ ಹೊತ್ತಿನಲ್ಲೇ.

ತೊರೆ ಅಥವಾ ಜೌಗು ನೆಲ ಹತ್ತಿರವಿದ್ದರೆ ಮೊದಲು ಅಲ್ಲಿಗೆ ನಡೆಯಿರಿ. ಡಾಗ್‌ವುಡ್ ಜಾತಿಯ ಒಂದು ಪೊದೆಯ ಕಾಂಡಗಳು ಎಲೆ ಉದುರಿದ ಮೇಲೆ ರಕ್ತಗೆಂಪಾಗುತ್ತವೆ. ಹೊಸ ಚಿಗುರಿನ ಕಾಂಡಕ್ಕೇ ಆ ಕೆಂಪು, ಹಳತಾದರೆ ಕಂದು. ಅದಕ್ಕೇ ಬಲ್ಲ ತೋಟಗಾರರು ಹಳೆಯ ಕಾಂಡಗಳನ್ನು ವಸಂತದ ಮುನ್ನ ಬುಡಕ್ಕೇ ಕತ್ತರಿಸುತ್ತಾರೆ. ಪಕ್ಕದಲ್ಲೇ ವಿಂಟರ್‌ಬೆರಿ ಇರಬಹುದು. ಎಲೆಯೊಂದೂ ಇಲ್ಲದ ಕಡ್ಡಿಗಳಿಗೆ, ಕಾಫಿ ಗಿಡದ ಕೊಂಬೆಯಲ್ಲಿ ಹಣ್ಣು ಕಚ್ಚಿಕೊಂಡಂತೆ, ಬಟಾಣಿಗಿಂತ ಸಣ್ಣ ಕೆಂಪು ಹಣ್ಣು. ಹಣ್ಣು ಬಿಡುವುದು ಹೆಣ್ಣು ಗಿಡ ಮಾತ್ರ. ಸುತ್ತ ಎಲ್ಲಾದರೂ ಗಂಡು ಗಿಡ ಇರಲೇಬೇಕು. ಕೊಬ್ಬಿನಂಶ ಕಡಿಮೆ ಇರುವುದರಿಂದ ಹಕ್ಕಿಗಳು ಇದನ್ನು ಮೊದಲು ಮುಟ್ಟುವುದಿಲ್ಲ, ಬೇರೆ ಹಣ್ಣು ಮುಗಿದ ಮೇಲೆ ಬರುತ್ತವೆ. ನಮಗೆ ಅದು ಲಾಭ: ಜನವರಿಯ ಹಿಮದವರೆಗೂ ಕೆಂಪು ಉಳಿದಿರುತ್ತದೆ. ಆಮೇಲೆ ಒಂದು ದಿನ ರಾಬಿನ್‌ಗಳ ಹಿಂಡೋ, ಬಾಲದ ತುದಿಗೆ ಹಳದಿ ಪಟ್ಟಿಯಿರುವ ವ್ಯಾಕ್ಸ್‌ವಿಂಗ್‌ಗಳೋ ಇಳಿದು ಬೇಗನೆ ಬರಿದು ಮಾಡಿಬಿಡುತ್ತವೆ. ಆ ದಿನ ನೀವು ಅಲ್ಲಿದ್ದರೆ ನಿಮ್ಮ ಪುಣ್ಯ.

ಬಿಳಿಯೂ ಬಿಳಿಯಲ್ಲ. ಹೊಸ ಹಿಮ ಎರಡು ಅಡಿಯಷ್ಟು ದಟ್ಟವಾಗಿ ಬಿದ್ದಿರುವ ಕಡೆ ಒಂದು ಕೋಲನ್ನು ನೇರ ಚುಚ್ಚಿ ತೆಗೆದು, ತೂತಿಗೆ ಕಣ್ಣಿಟ್ಟು ನೋಡಿ. ಒಳಗೆ ನೀಲಿ. ಹರಳಿಂದ ಹರಳಿಗೆ ಪುಟಿಯುತ್ತಾ ಆಳಕ್ಕೆ ಇಳಿಯುವ ಬೆಳಕಿನಲ್ಲಿ ಕೆಂಪನ್ನು ಮಂಜುಗಡ್ಡೆ ಹೆಚ್ಚು ಹೀರಿಕೊಳ್ಳುತ್ತದೆ, ನೀಲಿ ಉಳಿದು ಹೊರಗೆ ಬರುತ್ತದೆ. ಹಿಮದ ಮೇಲಿನ ಮರದ ನೆರಳು ನೀಲಿಯಾಗುವ ಕಾರಣ ಬೇರೆ: ಅಲ್ಲಿಗೆ ಸೂರ್ಯನ ನೇರ ಬೆಳಕು ತಲುಪುವುದಿಲ್ಲ, ಆಕಾಶದ ಬೆಳಕು ಮಾತ್ರ ಬೀಳುತ್ತದೆ. ಇದನ್ನು ಕಂಡಂತೆಯೇ ಬಣ್ಣದಲ್ಲಿ ತಂದವರು ಕ್ಲೋಡ್ ಮೊನೆ. 1868-69ರ ಚಳಿಗಾಲದಲ್ಲಿ ಫ್ರಾನ್ಸಿನಲ್ಲಿ ಅವರು ಬರೆದ ‘ದಿ ಮ್ಯಾಗ್‌ಪೈ’ ಚಿತ್ರದಲ್ಲಿ ಬೇಲಿಯ ನೆರಳು ಹಿಮದ ಮೇಲೆ ನೀಲಿಯಾಗಿಯೇ ಚಾಚಿದೆ. 1869ರ ಪ್ಯಾರಿಸ್ ಪ್ರದರ್ಶನದವರು ಆ ಚಿತ್ರವನ್ನು ತಿರಸ್ಕರಿಸಿದರು. ಇಂದು ಅದು ಅದೇ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ.

ಮಕ್ಕಳನ್ನು ನೋಡಲು ಬೆಂಗಳೂರು, ಮೈಸೂರುಗಳಿಂದ ಬರುವ ತಂದೆತಾಯಂದಿರು ಬೇಸಿಗೆಯನ್ನೇ ಆರಿಸಿಕೊಳ್ಳುತ್ತಾರೆ. ಚಳಿಯ ಹೆದರಿಕೆ ಸಹಜವೇ. 2014-15ರ ಚಳಿಗಾಲದಲ್ಲಿ ಬಾಸ್ಟನ್‌ನಲ್ಲಿ 108 ಇಂಚಿಗೂ ಹೆಚ್ಚು ಹಿಮ ಬಿದ್ದಿತ್ತು. ಆದರೂ ಮಂಡಿ ಗಟ್ಟಿಯಿರುವವರು, ಒಳ್ಳೆಯ ಬೂಟು ಕೊಳ್ಳಲು ಸಿದ್ಧರಿರುವವರು ಒಮ್ಮೆ ಫೆಬ್ರವರಿ ಕೊನೆಗೆ ಬನ್ನಿ. 1872ರಲ್ಲಿ ಶುರುವಾದ ಇಲ್ಲಿನ ಆರ್ನಲ್ಡ್ ಆರ್ಬೊರೀಟಮ್ ಎಂಬ ವೃಕ್ಷೋದ್ಯಾನಕ್ಕೆ ಟಿಕೆಟ್ಟಿಲ್ಲ. ವಿಚ್ ಹೇಝಲ್ ಗಿಡಗಳಿರುವ ಜಾಗ ಕೇಳಿಕೊಂಡು ಹೋಗಿ. ಈ ತೋಟದ ಹೆಸರನ್ನೇ ಹೊತ್ತ ‘ಆರ್ನಲ್ಡ್ ಪ್ರಾಮಿಸ್’ ತಳಿ ಹುಟ್ಟಿದ್ದು ಇಲ್ಲೇ. ಬುಡದಲ್ಲಿ ಹಿಮವಿರುವಾಗಲೇ ಅದು ಹಳದಿ ಹೂ ಬಿಡುತ್ತದೆ. ಎಸಳು ದಾರದಷ್ಟು ಸಪೂರ. ಚಳಿ ವಿಪರೀತವಾದರೆ ಸುರುಳಿ ಸುತ್ತಿಕೊಳ್ಳುತ್ತದೆ, ಬೆಚ್ಚಗಾದ ಕೂಡಲೇ ಮತ್ತೆ ಬಿಚ್ಚುತ್ತದೆ. ಆದ್ದರಿಂದ ಬೆಳಗಿನ ಕೊರೆತದಲ್ಲಿ ಹೋಗಿ ಹೂವಿಲ್ಲವೆಂದು ಮರಳಬೇಡಿ. ಮಧ್ಯಾಹ್ನ ಹನ್ನೆರಡರ ಮೇಲೆ ಹೋಗಿ, ಕೈಗವಸು ಒಂದು ನಿಮಿಷ ಕಳಚಿ ಕೊಂಬೆಯನ್ನು ಹತ್ತಿರಕ್ಕೆ ಬಾಗಿಸಿಕೊಳ್ಳಿ. ಅದಕ್ಕೆ ಪರಿಮಳವೂ ಇದೆ.