ಕಿಟಕಿ ತೆರೆದಿಟ್ಟವರು

ಬೆಳೆಯಲು ಒಲ್ಲದ ಹುಡುಗ ಪೀಟರ್ ಪ್ಯಾನನ ಕಥೆಯನ್ನು ಜೆ. ಎಂ. ಬ್ಯಾರಿ 1904ರಲ್ಲಿ ಲಂಡನ್ನಿನ ರಂಗಭೂಮಿಗೆ ನಾಟಕವಾಗಿ ತಂದ. 1911ರಲ್ಲಿ ಅದನ್ನೇ ಕಾದಂಬರಿಯಾಗಿ ಬರೆದ. ಹಾರುವ ವಿದ್ಯೆ, ಕಡಲ್ಗಳ್ಳ ಹುಕ್, ಹೊಟ್ಟೆಯಲ್ಲಿ ಗಡಿಯಾರ ಟಿಕ್ ಟಿಕ್ ಎನ್ನುವ ಮೊಸಳೆ, ಇಷ್ಟು ಬಹಳ ಮಂದಿಗೆ ಗೊತ್ತು. ಆದರೆ ಈ ಕಾದಂಬರಿಯ ಭಾರ ಹೊತ್ತವರು ಬೇರೆಯೇ ಇದ್ದಾರೆ. ಹೆಂಗಸರಾದ ನಾವು ಅವರ ಕಡೆಗೂ ಒಮ್ಮೆ ನೋಡಬೇಕು.

ಪೀಟರ್ ವೆಂಡಿಯನ್ನು ಕರೆದೊಯ್ಯುವುದು ಏಕೆ? ಅವಳಿಗೆ ಕಥೆ ಹೇಳಲು ಬರುತ್ತದೆ, ಹೊಲಿಯಲು ಬರುತ್ತದೆ. ಕಳಚಿಹೋದ ಅವನ ನೆರಳನ್ನು ಅವಳು ಕುಳಿತು ಹೊಲಿದುಕೊಡುತ್ತಾಳೆ. ಹೊಲಿಗೆ ಮುಗಿದದ್ದೇ ತಡ, ತಾನೆಷ್ಟು ಜಾಣ ಎಂದು ಅವನು ಹಿಗ್ಗಿ ಕುಣಿಯುತ್ತಾನೆ! ಇದನ್ನೋದಿ ಮುಗುಳ್ನಗದ ಗೃಹಿಣಿ ಇರಲಾರಳು. ನೆವರ್‌ಲ್ಯಾಂಡಿನಲ್ಲಿ ಹುಡುಗರಿಗೆ ಕಾಳಗ, ಸಾಹಸ. ವೆಂಡಿಗೆ ನೆಲದಡಿಯ ಮನೆಯಲ್ಲಿ ಅಡುಗೆ, ಹರಿದ ಕಾಲುಚೀಲಗಳ ರಾಶಿ. ವಾರಗಟ್ಟಲೆ ಅವಳಿಗೆ ಮೇಲೆ ಬರಲೂ ಪುರಸತ್ತಿಲ್ಲ. ಕನಸಿನ ಲೋಕಕ್ಕೆ ಹೋದರೂ ಹುಡುಗಿಗೆ ಮನೆಗೆಲಸ ತಪ್ಪಲಿಲ್ಲ ನೋಡಿ.

ಕಿನ್ನರಿ ಟಿಂಕರ್ ಬೆಲ್ ಹೊಟ್ಟೆಕಿಚ್ಚಿನವಳು, ನಿಜ. ಆದರೆ ಹುಕ್ ಬೆರೆಸಿಟ್ಟ ವಿಷವನ್ನು ಪೀಟರನ ಬದಲು ಕುಡಿದವಳೂ ಅವಳೇ. ವರ್ಷ ಕಳೆದ ಮೇಲೆ ವೆಂಡಿ ಅವಳ ಸುದ್ದಿ ತೆಗೆದರೆ, ಪೀಟರನಿಗೆ ಅವಳು ಯಾರೆಂಬುದೇ ನೆನಪಿಲ್ಲ. ಇನ್ನು ಟೈಗರ್ ಲಿಲಿಯ ಕಡೆಯವರು. ಅಮೆರಿಕದ ಮೂಲನಿವಾಸಿಗಳನ್ನು ಬ್ಯಾರಿ ಹಂಗಿಸುವ ಹೆಸರಿನಿಂದಲೇ ಕರೆದು, ಬಿಳಿಯ ಹುಡುಗನೊಬ್ಬನ ಮುಂದೆ ಅಡ್ಡಬೀಳಿಸುತ್ತಾನೆ. ಮಕ್ಕಳಿಗೆ ಕಥೆ ಓದಿ ಹೇಳುವಾಗ ಇದು ತಪ್ಪೆಂದು ಹೇಳಿಯೇ ಮುಂದೆ ಹೋಗಬೇಕು.

ನನ್ನನ್ನು ಹಿಡಿದು ನಿಲ್ಲಿಸುವವಳು ವೆಂಡಿಯ ತಾಯಿ, ಶ್ರೀಮತಿ ಡಾರ್ಲಿಂಗ್. ಮಕ್ಕಳ ಆಯಾ ಆಗಿದ್ದ ನಾನಾ ಎಂಬ ನಾಯಿಯನ್ನು ಯಜಮಾನರು ಸಿಟ್ಟಿನಿಂದ ಅಂಗಳದಲ್ಲಿ ಕಟ್ಟಿಹಾಕಿದ ರಾತ್ರಿಯೇ ಮಕ್ಕಳು ಹಾರಿಹೋದದ್ದು. ಪಶ್ಚಾತ್ತಾಪಪಟ್ಟ ಯಜಮಾನರು ನಾಯಿಗೂಡಿನಲ್ಲೇ ವಾಸ ಹೂಡುತ್ತಾರೆ, ಅದರಲ್ಲೇ ಕುಳಿತು ಆಫೀಸಿಗೂ ಹೋಗುತ್ತಾರೆ. ಜನ ಜೈಕಾರ ಹಾಕುತ್ತಾರೆ. ಪತ್ರಿಕೆಯವರಿಗೆ ಸಂದರ್ಶನ ಬೇಕು, ಹುಡುಗಿಯರಿಗೆ ಹಸ್ತಾಕ್ಷರ ಬೇಕು, ದೊಡ್ಡಮನೆಗಳಿಂದ ಊಟದ ಕರೆ. ಹೆಂಡತಿ ಮಾತ್ರ ತೆರೆದ ಕಿಟಕಿಯ ಕೋಣೆಯಲ್ಲಿ ಮಕ್ಕಳಿಗಾಗಿ ಕಾಯುತ್ತಾಳೆ. ಗಾಳಿ ಬರುತ್ತದೆ, ಮುಚ್ಚು ಎಂದು ಗಂಡ ಹೇಳಿದರೂ ಮುಚ್ಚುವುದಿಲ್ಲ. ಅವಳನ್ನು ನೋಡಲು ಯಾವ ಪತ್ರಿಕೆಯವರೂ ಬರಲಿಲ್ಲ.

ಪೀಟರ್ ಹಿಂದೊಮ್ಮೆ ಮನೆಗೆ ಮರಳಿದಾಗ ಅವನ ತಾಯಿಯ ಕಿಟಕಿಗೆ ಸರಳು ಬಿದ್ದಿತ್ತಂತೆ, ಅವನ ಹಾಸಿಗೆಯಲ್ಲಿ ಬೇರೊಂದು ಮಗು ಮಲಗಿತ್ತಂತೆ. ಅವನಿಗೆ ತಾಯಂದಿರ ಮೇಲೆ ಸಿಟ್ಟು ಅದಕ್ಕೇ. ವೆಂಡಿ ಮತ್ತು ತಮ್ಮಂದಿರು ನಿಶ್ಚಿಂತೆಯಿಂದ ಹಾರಾಡಿದ್ದು, ತಮ್ಮಮ್ಮ ಕಿಟಕಿ ಮುಚ್ಚಲಾರಳು ಎಂಬ ಒಂದೇ ನಂಬಿಕೆಯ ಮೇಲೆ. ಬ್ಯಾರಿಗೆ ಇದು ತಿಳಿದಿತ್ತೇ? ಅರ್ಧ ತಿಳಿದಿತ್ತು ಎನಿಸುತ್ತದೆ. ಒಂದೆಡೆ ಆ ತಾಯಿಯನ್ನು ಹೀಗಳೆಯುವ ನಿರೂಪಕ, ಕೆಲವೇ ಪುಟಗಳಲ್ಲಿ ತನಗೆ ಎಲ್ಲರಿಗಿಂತ ಅವಳೇ ಇಷ್ಟ ಎನ್ನುತ್ತಾನೆ. ಕೊನೆಗೆ ಅವಳ ಸಾವನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾನೆ.

ಪ್ರತಿ ವಸಂತದಲ್ಲೂ ವಾರದ ಮಟ್ಟಿಗೆ ವೆಂಡಿಯನ್ನು ಕರೆದೊಯ್ಯುವುದೆಂದು ಪೀಟರನೊಡನೆ ಒಪ್ಪಂದ. ಏತಕ್ಕೆ? ಅವನ ಮನೆಯ ಧೂಳು ಹೊಡೆಯಲು! ಅದನ್ನೂ ಅವನು ಮರೆಯುತ್ತಾನೆ. ಅವನು ಮತ್ತೆ ಬರುವ ಹೊತ್ತಿಗೆ ವೆಂಡಿ ಮಗಳ ತಾಯಿ. ಆಗ ಮಗಳು ಜೇನ್ ಹೋಗುತ್ತಾಳೆ, ಅವಳ ನಂತರ ಮೊಮ್ಮಗಳು ಮಾರ್ಗರೆಟ್. ಒಬ್ಬ ಹುಡುಗ ಬೆಳೆಯದೆ ಉಳಿಯಲು ಎಷ್ಟು ತಲೆಮಾರಿನ ಹೆಂಗಸರು ಬೇಕಾದರು!

ಪುಸ್ತಕವನ್ನು ಮಕ್ಕಳಿಗೆ ಖಂಡಿತ ಕೊಡಿ. ಹಾರುವ ಆಸೆ ಹುಡುಗಿಯರಿಗೂ ಇರಲಿ. ತರಗತಿಯಲ್ಲಿ ಈ ಕಥೆ ಹೇಳಿದಾಗಲೆಲ್ಲ ಕೊನೆಗೆ ನಾನೊಂದು ಪ್ರಶ್ನೆ ಕೇಳುತ್ತೇನೆ: ಆ ನೆರಳನ್ನು ಹೊಲಿದವರು ಯಾರು? ಉತ್ತರ ಹುಡುಗರ ಬಾಯಿಂದಲೇ ಬರಬೇಕೆಂಬುದು ನನ್ನ ಹಟ.