ಲಿಯರ್ ಮಹಾರಾಜನ ಉಡುಪು

ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ತೆರನಾದುದೆಂಬುದು ಭರತಮುನಿಯ ಮತವಷ್ಟೆ. ಇವುಗಳಲ್ಲಿ ಉಡಿಗೆತೊಡಿಗೆಗಳಿಗೆ ಸಂಬಂಧಿಸಿದ ಆಹಾರ್ಯವನ್ನು ಕೇವಲ ಹೊರಗಿನ ಅಲಂಕಾರವೆಂದೆಣಿಸಿ ಮುಂದೆ ಸಾಗುವುದು ಓದುಗರ ವಾಡಿಕೆ. ಆದರೆ ಆಂಗ್ಲ ಮಹಾಕವಿ ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದಲ್ಲಿ ಉಡುಪೇ ಅರ್ಥವನ್ನು ಹೊತ್ತು ನಡೆಯುತ್ತದೆ. ಯಾರು ಯಾವಾಗ ಏನನ್ನು ತೊಟ್ಟರು, ಏನನ್ನು ಕಳಚಿದರು ಎಂಬುದನ್ನು ಅಂಕಕ್ರಮದಲ್ಲಿ ಗಮನಿಸದವನಿಗೆ ಆ ಕೃತಿಯ ತಾತ್ಪರ್ಯವು ಅರ್ಧದಲ್ಲಿಯೇ ಕೈತಪ್ಪುವುದು.

ಆ ಕಾಲದ ಇಂಗ್ಲೆಂಡಿನಲ್ಲಿ ಬಟ್ಟೆಯೆಂಬುದು ಮನುಷ್ಯನ ಅಂತಸ್ತಿನ ಪ್ರಮಾಣಪತ್ರವಾಗಿದ್ದಿತು. 1574ರಲ್ಲಿ ಎಲಿಜಬೆತ್ ರಾಣಿಯು ಹೊರಡಿಸಿದ ಘೋಷಣೆಯಂತೆ ನೇರಳೆ ಬಣ್ಣದ ರೇಷ್ಮೆ, ಚಿನ್ನದ ಎಳೆಯ ವಸ್ತ್ರ, ‘ಸೇಬಲ್’ ಎಂಬ ಪ್ರಾಣಿಯ ತುಪ್ಪುಳುದೊಗಲು ಇವೆಲ್ಲ ರಾಜಕುಟುಂಬಕ್ಕೂ ಅತ್ಯುನ್ನತ ದರ್ಜೆಯ ಪ್ರಭುಗಳಿಗೂ ಮಾತ್ರ ಮೀಸಲು. ವಿದೇಶದ ವಿಲಾಸವಸ್ತುಗಳಿಗಾಗಿ ದೇಶದ ಧನವು ಹೊರಹರಿಯುತ್ತದೆ, ತರುಣರು ಪಿತ್ರಾರ್ಜಿತವನ್ನು ಉಡುಪಿಗೆ ಸುರಿಯುತ್ತಾರೆ ಎಂಬುದು ಅದಕ್ಕೆ ಕೊಟ್ಟ ಕಾರಣ. 1571ರ ಶಾಸನವೊಂದು ಆರು ವರ್ಷಕ್ಕೆ ಮೇಲ್ಪಟ್ಟ ಸಾಮಾನ್ಯ ಜನರು ಭಾನುವಾರಗಳಲ್ಲಿಯೂ ಹಬ್ಬಗಳಲ್ಲಿಯೂ ಸ್ವದೇಶದ ಉಣ್ಣೆಯ ಟೊಪ್ಪಿಗೆಯನ್ನೇ ಧರಿಸಬೇಕೆಂದು ವಿಧಿಸಿ, ತಪ್ಪಿದವರಿಗೆ ದಿನಕ್ಕೆ 3 ಷಿಲ್ಲಿಂಗ್ 4 ಪೆನ್ಸ್ ದಂಡವನ್ನು ಗೊತ್ತುಮಾಡಿತು. ಪ್ರಭುಗಳಿಗೆ ಆ ಕಟ್ಟಳೆಯಿಲ್ಲ. ಹೀಗೆ ಬೀದಿಯಲ್ಲಿ ಎದುರಾದವನ ತಲೆಯನ್ನು ನೋಡಿದರೆ ಸಾಕು, ಅವನಿಗೆ ಬಾಗಬೇಕೋ ಬೇಡವೋ ಎಂಬುದು ತಿಳಿಯುತ್ತಿದ್ದಿತು. ಟೊಪ್ಪಿಗೆಯ ಶಾಸನವು 1597ರಲ್ಲಿ ರದ್ದಾಯಿತು. ಉಡುಪಿನ ಉಳಿದ ಶಾಸನಗಳನ್ನು 1604ರಲ್ಲಿ ಪಾರ್ಲಿಮೆಂಟು ತೆಗೆದುಹಾಕಿತು. ಕಟ್ಟಳೆ ಹೋದರೂ ಕಣ್ಣಿನ ಅಭ್ಯಾಸವು ಹೋಗಲಿಲ್ಲ.

ರಂಗಭೂಮಿಯಾದರೋ ಈ ಗುರುತುಗಳನ್ನು ಅದಲುಬದಲು ಮಾಡುವ ಸ್ಥಳ. ಪ್ರಭುಗಳು ಸಾಯುವಾಗ ತಮ್ಮ ಉತ್ತಮ ಉಡುಪುಗಳನ್ನು ಸೇವಕರಿಗೆ ಬಿಡುವರು. ಅವು ತಮಗೆ ಸಲ್ಲವಾದುದರಿಂದ ಸೇವಕರು ನಟರಿಗೆ ಮಾರುವರು ಎಂದು 1599ರಲ್ಲಿ ಲಂಡನ್ನಿಗೆ ಬಂದಿದ್ದ ಸ್ವಿಟ್ಜರ್ಲೆಂಡಿನ ಥಾಮಸ್ ಪ್ಲಾಟರನು ಬರೆದಿರುವನು. 1603ರಲ್ಲಿ ಹೇವುಡ್ ಎಂಬ ಕವಿಗೆ ಒಂದು ನಾಟಕಕ್ಕಾಗಿ ದೊರೆತುದು 6 ಪೌಂಡು; ಅದೇ ನಾಟಕದ ಸ್ತ್ರೀಪಾತ್ರದ ಕರಿಯ ಮಖಮಲ್ಲಿನ ನಿಲುವಂಗಿಗೆ ತೆತ್ತುದು 6 ಪೌಂಡು 13 ಷಿಲ್ಲಿಂಗು. ಕವಿಯ ವಾಣಿಗಿಂತ ನಟನ ವಸ್ತ್ರಕ್ಕೆ ಬೆಲೆ ಹೆಚ್ಚು! ಇಂತಹ ರಂಗದ ಮೇಲೆ ರಾಜನೊಬ್ಬನು ಬಟ್ಟೆಯನ್ನು ಹರಿದುಕೊಳ್ಳುವುದೆಂದರೆ ಪ್ರೇಕ್ಷಕರ ಎದೆ ಹೇಗೆ ನಡುಗಿರಬೇಕು! 1606ನೆಯ ಡಿಸೆಂಬರ್ 26ರಂದು ಈ ನಾಟಕವನ್ನು ಜೇಮ್ಸ್ ದೊರೆಯ ಇದಿರಿನಲ್ಲಿಯೇ ಆಡಿದರು.

ಕಥೆಯು ಪ್ರಸಿದ್ಧವಾದುದು. ವೃದ್ಧ ಲಿಯರನು ರಾಜ್ಯವನ್ನು ಇಬ್ಬರು ಹಿರಿಯ ಹೆಣ್ಣುಮಕ್ಕಳಿಗೆ ಹಂಚಿ, ಮುಖಸ್ತುತಿ ಮಾಡಲೊಲ್ಲದ ಕಿರಿಯವಳಾದ ಕಾರ್ಡೀಲಿಯಳನ್ನು ತ್ಯಜಿಸುತ್ತಾನೆ. ಬಳಿಕ ಹಿರಿಯರು ಅವನ ನೂರು ಮಂದಿ ಪರಿವಾರವನ್ನು ಐವತ್ತಕ್ಕೂ ಇಪ್ಪತ್ತೈದಕ್ಕೂ ಇಳಿಸಿ, ಕಡೆಗೆ ಒಬ್ಬನಾದರೂ ಏಕೆಂದು ಕೇಳುತ್ತಾರೆ. ಆಗ ಅವನು ಮಗಳ ಬೆಡಗಿನ ಉಡುಪನ್ನೇ ತೋರಿಸಿ, ಮೈ ಬೆಚ್ಚಗಿದ್ದರೆ ಸಾಕೆನ್ನುವುದಾದರೆ ಇದು ನಿನಗೇಕೆಂದು ಪ್ರಶ್ನಿಸುತ್ತಾನೆ. ಅದಕ್ಕೆ ಮೊದಲೇ, ತೊಡಲು ಬಟ್ಟೆಯನ್ನೂ ಹಾಸಿಗೆಯನ್ನೂ ಅನ್ನವನ್ನೂ ಕೊಡಿರೆಂದು ಮೊಣಕಾಲೂರಿ ಅಣಕದಿಂದ ಬೇಡಿರುತ್ತಾನೆ. ಈ ಅಣಕದ ಬೇಡಿಕೆಯನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಬಿರುಗಾಳಿಯ ರಾತ್ರಿಯಲ್ಲಿ ಕಂಬಳಿಯ ತುಂಡನ್ನು ಸುತ್ತಿಕೊಂಡ ಹುಚ್ಚನೊಬ್ಬನು ಅವನ ಕಣ್ಣಿಗೆ ಬೀಳುತ್ತಾನೆ. ಅವನು ನಿಜವಾಗಿ ಗ್ಲಾಸ್ಟರ್ ಪ್ರಭುವಿನ ಮಗನಾದ ಎಡ್ಗರನು. ರೇಷ್ಮೆಗಾಗಲಿ ಉಣ್ಣೆಗಾಗಲಿ ಪುನುಗಿಗಾಗಲಿ ಯಾವ ಪ್ರಾಣಿಗೂ ಋಣಿಯಲ್ಲದ ಇವನೇ ನಿಜವಾದ ಮಾನವನೆಂದು ಬಗೆದು ಲಿಯರನು ತನ್ನ ಉಡುಪನ್ನು ಕೀಳತೊಡಗುತ್ತಾನೆ. ಮುಂದೆ, ದೊಡ್ಡವರ ಪಾಪವು ತುಪ್ಪುಳಿನ ನಿಲುವಂಗಿಯಲ್ಲಿ ಮರೆಯಾಗುವುದೆಂದೂ ಬಡವನ ಅಲ್ಪದೋಷವು ಹರಕಿನ ಕಿಂಡಿಯಿಂದ ಕಾಣುವುದೆಂದೂ ಅವನೇ ಹೇಳುತ್ತಾನೆ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಉಡುಪು ಸುಳ್ಳು, ನಗ್ನತೆಯೇ ಸತ್ಯ, ಇದೇ ಕೃತಿಯ ಉಪದೇಶವೆಂದು ಹಲವರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಕವಿಯು ಇಲ್ಲಿಗೆ ನಿಂತಿಲ್ಲ. ಆ ಮಾತನ್ನಾಡಿದವನು ಮತಿಭ್ರಾಂತನಾದ ಮುದುಕನು. ಅವನು ಸತ್ಯಮಾನವನೆಂದು ನಂಬಿದವನು ವೇಷಧಾರಿ. ನಗ್ನತೆಯೂ ಅಲ್ಲಿ ಒಂದು ವೇಷವೇ. ಇದಲ್ಲದೆ ನಾಲ್ಕನೆಯ ಅಂಕದಲ್ಲಿ, ಕಣ್ಣು ಕಳೆದುಕೊಂಡ ಗ್ಲಾಸ್ಟರನನ್ನು ಕೈಹಿಡಿದು ತಂದ ಎಂಬತ್ತು ವರ್ಷದ ಒಕ್ಕಲಿನವನೊಬ್ಬನು, ಪ್ರಭುವಿನ ಕೋರಿಕೆಯಂತೆ ಆ ಹುಚ್ಚನಿಗೆ ತನ್ನಲ್ಲಿರುವುದರಲ್ಲೆಲ್ಲ ಉತ್ತಮವಾದ ಬಟ್ಟೆಯನ್ನು ತಂದುಕೊಡಲು ಒಪ್ಪುತ್ತಾನೆ. ಹಳೆಯದನ್ನಲ್ಲ, ಉತ್ತಮವಾದುದನ್ನು! ಅದೇ ಅಂಕದಲ್ಲಿ ಕಾರ್ಡೀಲಿಯಳ ಕಡೆಯವರು ನಿದ್ರಿಸುತ್ತಿರುವ ತಂದೆಗೆ ಹೊಸ ಉಡುಪನ್ನು ತೊಡಿಸುತ್ತಾರೆ. ಎಚ್ಚತ್ತವನಿಗೆ ಅದು ಯಾವ ಬಟ್ಟೆಯೆಂಬುದೇ ತಿಳಿಯದು. ಹಿಂದೆ ಅಣಕದಿಂದ ಬೇಡಿದ್ದುದು ಈಗ ಬೇಡದೆಯೇ ದೊರೆಯಿತು. ಬಟ್ಟೆಯು ಅಂತಸ್ತಿನ ಗುರುತಾಗಿ ಹೊರಟು ಅಂತಃಕರಣದ ಗುರುತಾಯಿತು. ಇದೇ ಸಿದ್ಧಾಂತ.

ಹಾಗಾದರೆ ನಿಷ್ಠಾವಂತನಾದ ಕೆಂಟ್ ಪ್ರಭುವು ಕಾರ್ಡೀಲಿಯಳು ಕೇಳಿಕೊಂಡರೂ ಸೇವಕವೇಷವನ್ನು ಬಿಡದಿರುವುದೇಕೆ ಎಂದು ಆಕ್ಷೇಪಿಸಬಹುದು. ತನ್ನ ಕಾರ್ಯವು ಮುಗಿಯದೆ ಪದವಿಯ ಉಡುಪು ಬೇಡವೆಂಬುದು ಅವನ ಭಾವ. ಅವನಲ್ಲಿಯೂ ಬಟ್ಟೆಯು ಪದವಿಯನ್ನಲ್ಲ, ಸೇವೆಯನ್ನೇ ಹೇಳುತ್ತದೆ. ಆದುದರಿಂದ ಈ ಆಕ್ಷೇಪವು ಸಿದ್ಧಾಂತಕ್ಕೆ ಪೋಷಕವೇ ಆಗುವುದು.

ಕಡೆಗೆ ಸತ್ತ ಮಗಳ ಬಳಿಯಲ್ಲಿ ಲಿಯರನು ಕೇಳುವುದು ಒಂದು ಗುಂಡಿಯನ್ನು ಬಿಚ್ಚುವ ಉಪಕಾರವನ್ನು. ಅದು ಅವನ ಅಂಗಿಯದೋ ಮಗಳ ಉಡುಪಿನದೋ ಎಂಬುದರಲ್ಲಿ ವ್ಯಾಖ್ಯಾನಕಾರರಿಗೆ ಮತಭೇದವುಂಟು. ಯಾವುದಾದರೂ ರಸಕ್ಕೆ ಭಂಗವಿಲ್ಲ. ಬಿರುಗಾಳಿಯಲ್ಲಿ ಬಟ್ಟೆಯನ್ನು ರೋಷದಿಂದ ಕಿತ್ತ ಅದೇ ದೊರೆಯು ಇಲ್ಲಿ ಗುಂಡಿಯೊಂದಕ್ಕಾಗಿ ವಿನಯದಿಂದ ಬೇಡಿ, ಬಿಚ್ಚಿದವನಿಗೆ ಕೃತಜ್ಞತೆಯನ್ನು ಹೇಳುತ್ತಾನೆ. ನಾಟಕದ ಮೊದಲ ಅಂಕದಲ್ಲಿ ಕಿರೀಟವನ್ನೇ ಹಂಚಿಕೊಟ್ಟಾಗಲೂ ಅವನಲ್ಲಿ ಕಾಣದಿದ್ದ ದೊರೆತನವು ಈ ಒಂದು ಗುಂಡಿಯಲ್ಲಿ ಕಾಣುತ್ತದೆ.